ಲೆಫ್ಟಿನೆಂಟ್ ಶಿವಮಲ್ಲಪ್ಪನವರ ಊರಿಗೆ

ಮೈಸೂರಿನಿಂದ ಗುಂಡ್ಲುಪೇಟೆಗೆ ನೇರ ಬಸ್ಸಿದೆ. ನಾನು ಅದನ್ನು ಬಿಟ್ಟು ಚಾಮರಾಜನಗರದ ಪ್ಯಾಸೆಂಜರ್ ರೈಲು ಹತ್ತಿದೆ. "ಕೊಂಕಣ ಸುತ್ತಿ ಮೈಲಾರಕ್ಕೆ ಹೊರಟಿರಾ?" ಎಂದು ಮನೆ ಬಿಡುವಾಗಲೇ ಹೆಂಡತಿ ಕೇಳಿದ್ದಳು. ಅವಳ ಮಾತು ಸರಿಯೇ. ಎಷ್ಟು ತಡವಾಗಿ ತಲುಪಿದರೆ ಅಷ್ಟು ಒಳ್ಳೆಯದು ಎನ್ನುವ ಹಾಗಿತ್ತು ನನಗೆ.

ನನ್ನನ್ನು ಕರೆಸಿಕೊಂಡವರು ಪುಟ್ಟಮ್ಮಣ್ಣಿ, ನಮ್ಮ ಹಡಗಿನ ಲೆಫ್ಟಿನೆಂಟ್ ಶಿವಮಲ್ಲಪ್ಪನವರ ತಂಗಿ. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಹಡಗಿನ ಜೊತೆಗೇ ಮುಳುಗಿದರು, ನಾನು ಉಳಿದೆ. ಮಾಜಿ ಸೈನಿಕರ ಸಭೆಯೊಂದರಲ್ಲಿ ನನ್ನ ನಂಬರು ಪತ್ತೆ ಮಾಡಿದ ಆಕೆಯ ಮಗ ಗುರುಸ್ವಾಮಿ ಫೋನಿನಲ್ಲಿ ಹೇಳಿದ್ದ: "ಅವ್ವ ಒಂದೇ ಮಾತು ಕೇಳ್ಬೇಕಂತೆ ಸಾರ್. ಸಾಯೋವಾಗ ಮಾವನ ಮೈಮ್ಯಾಲೆ ಲಿಂಗ ಇತ್ತಾ ಅಂತ."

ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವ ಮನೆತನ ಅವರದು. ಸಮುದ್ರದಲ್ಲಿ ಹೋದವರಿಗೆ ಮಣ್ಣಂತೂ ಸಿಗಲಿಲ್ಲ, ಲಿಂಗವಾದರೂ ಜೊತೆಗಿತ್ತೇ? ಉತ್ತರ ನನಗೆ ಗೊತ್ತಿತ್ತು. ನಿನಗೆ ಹೇಗೆ ಗೊತ್ತು ಎಂದು ಆಕೆ ಕೇಳಿಬಿಟ್ಟರೆ ಏನು ಹೇಳಲಿ ಎಂಬುದೇ ನನ್ನ ಸಂಕಟ.

ನಂಜನಗೂಡು ದಾಟಿದ ಮೇಲೆ ಡಬ್ಬಿ ಅರ್ಧ ಖಾಲಿಯಾಯಿತು. ರಜೆಗೆ ಬರುವಾಗ ಶಿವಮಲ್ಲಪ್ಪ ಸಾಹೇಬರು ಬಿಳಿ ಸಮವಸ್ತ್ರ ತೊಟ್ಟು ಇದೇ ರೈಲಿನಲ್ಲಿ ಬರುತ್ತಿದ್ದರಂತೆ. ಒಬ್ಬ ಇವರನ್ನು ಬ್ಯಾಂಡಿನವರೆಂದು ತಿಳಿದು ಮದುವೆಗೆ ದರ ಕೇಳಿದ್ದನಂತೆ! ಅದನ್ನು ಹೇಳಿಕೊಂಡು ಅವರೇ ನಗುತ್ತಿದ್ದರು. ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು. ಗುಂಡ್ಲುಪೇಟೆಯ ಶಾಲೆ, ಮೈಸೂರಿನ ಕಾಲೇಜು, ಕೊಚ್ಚಿಯಲ್ಲಿ ತರಬೇತಿ, ಆಮೇಲೆ ನಮ್ಮ ಹಡಗಿನ ತೋಪುಗಳ ಹೊಣೆ. ಯುದ್ಧ ಶುರುವಾದ ಮೇಲೆ ನಾವೆಲ್ಲ ಬೂಟು ಬಿಚ್ಚದೆ ಮಲಗುತ್ತಿದ್ದೆವು. ಅವರು ಮಾತ್ರ ಬೆಳಿಗ್ಗೆ ಒಂದು ಲೋಟ ನೀರಿನಲ್ಲಿ ಲಿಂಗಪೂಜೆ ಮುಗಿಸಿಯೇ ಕೆಲಸಕ್ಕೆ ಬರುವರು. ಆಗ ನನಗೆ ಹತ್ತೊಂಬತ್ತು. ಎಲ್ಲರಿಗೂ ಇಂಗ್ಲಿಷಿನಲ್ಲಿ ಆರ್ಡರು, ನನಗೊಬ್ಬನಿಗೆ "ಲೋ ಚಿಕ್ಕಣ್ಣ, ಉಂಡ್ಯೇನ್ಲಾ?"

ಚಾಮರಾಜನಗರದಲ್ಲಿ ಜಿಟಿಜಿಟಿ ಮಳೆ. ಬಸ್ ನಿಲ್ದಾಣದ ಬಳಿ ಇಡ್ಲಿ ತರಿಸಿದೆ, ಗಂಟಲಲ್ಲಿ ಇಳಿಯಲಿಲ್ಲ. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಗುಂಡ್ಲುಪೇಟೆ ಮುಟ್ಟಿದಾಗ ಕೇರಳದ ಲಾರಿಗಳಿಗೆ ಈರುಳ್ಳಿ ತುಂಬುತ್ತಿದ್ದರು. ಈರುಳ್ಳಿ ವ್ಯಾಪಾರದ ಗುರುಸ್ವಾಮಿ ತನ್ನ ಪಿಕಪ್ಪಿನಲ್ಲಿ, ಕೇರಳದ ರಸ್ತೆಯಲ್ಲಿರುವ ಮದ್ದೂರಿನ ಕಡೆ ಕರೆದೊಯ್ದ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು, ಅವುಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವ ಮಲಯಾಳಿ ಸಂಸಾರಗಳು. ಎಲ್ಲರೂ ನಗುತ್ತಿದ್ದರು.

ಪುಟ್ಟಮ್ಮಣ್ಣಿ ಹೊಲದಲ್ಲೇ ಕಾಯುತ್ತಿದ್ದರು. ಅರಿಶಿನದ ಬೆಳೆಯ ಅಂಚಿನಲ್ಲಿ ತಂದೆ ತಾಯಿಯ ಸಮಾಧಿ, ಪಕ್ಕದಲ್ಲಿ ಹುಲ್ಲು ಬೆಳೆದ ಒಂದು ಮಾರು ನೆಲ. ಅಣ್ಣನಿಗೆಂದು ಬಿಟ್ಟ ಆ ಜಾಗಕ್ಕೆ ಇವತ್ತಿನವರೆಗೂ ನೇಗಿಲು ತಾಗಿಲ್ಲವಂತೆ. ಕುಶಲ ಗಿಶಲ ಏನೂ ಇಲ್ಲ. "ಯೋಳಪ್ಪ, ಇತ್ತಾ?" ಎಂದರು.

"ಇತ್ತು ಕಣಮ್ಮ."

"ನನ್ನ ಸಮಾಧಾನಕ್ಕೆ ಅನ್ಬ್ಯಾಡ. ಕಣ್ಣಾರೆ ಕಂಡ್ಯಾ?"

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸ್ಫೋಟವಾಗಿ ಹಡಗು ವಾಲಿದಾಗ ನನ್ನ ಮೈಮೇಲೆ ತೇಲುವ ಜಾಕೆಟ್ಟು ಇರಲಿಲ್ಲ. ಸಾಹೇಬರು ತಮ್ಮದನ್ನೇ ಬಿಚ್ಚಿ ನನಗೆ ತೊಡಿಸಿದರು. ಅವರ ಕೊರಳಿನ ಶಿವದಾರ ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಕೊಂಡಿತು. ಆ ಕೂಗಾಟದ ನಡುವೆಯೂ ಅದನ್ನು ಬಿಡಿಸಿ, ಲಿಂಗದ ಬೆಳ್ಳಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅಂಗಿಯೊಳಗೆ ಹಾಕಿಕೊಂಡರು. "ನೆಗಿಯೋ ಚಿಕ್ಕಣ್ಣ" ಎಂದರು. ನಾನು ನೆಗೆದೆ. ಇಷ್ಟನ್ನೂ ಹೇಳಿದೆ.

ಆಕೆ ಬಗ್ಗಿ ಆ ಹುಲ್ಲಿನ ಒಂದು ಎಳೆ ಕಿತ್ತುಕೊಂಡರು.

"ಜಾಕೀಟು ಅಂದ್ರೆ... ಬಾವೀಲಿ ಕಟ್ಕತಿದ್ನಲ್ಲ, ಸೋರೆಬುರುಡೆ, ಅಂತದಾ?"

"ಹೂಂ ಕಣಮ್ಮ."

"ಅದ ನಿಂಗೆ ಕೊಟ್ಬುಟ್ನಾ?"

ನನಗೆ ಅಳು ತಡೆಯಲಾಗಲಿಲ್ಲ. ಎಪ್ಪತ್ತು ದಾಟಿದ ಗಂಡಸು, ಗುರುಸ್ವಾಮಿಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತೆ.

"ಸುಳ್ ಯಾಕೆ ಯೋಳ್ಲಿ, ನಿನ್ನ ನೋಡುದ್ರೆ ನಂಗೆ ಒಟ್ಟೆ ಉರಿತದೆ ಕಣಪ್ಪ" ಎಂದರು ಪುಟ್ಟಮ್ಮಣ್ಣಿ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. "ಉಂಡ್ಕಂಡು ಓಗು. ಅಣ್ಣ ಉಳುಸಿದ ಜೀವ, ಅಸ್ಕಂಡು ಓಗ್ಬಾರ್ದು."

ಮನೆಯಲ್ಲಿ ಸೊಸೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಬೆಳಿಗ್ಗೆಯಿಂದ ಇಳಿಯದಿದ್ದ ತುತ್ತು ಈಗ ಇಳಿಯಿತು. ಪುಟ್ಟಮ್ಮಣ್ಣಿ ಹೊಲದಿಂದ ಬರಲೇ ಇಲ್ಲ. ಹೇಳಿ ಹೋಗೋಣವೆಂದು ಗುರುಸ್ವಾಮಿಯ ಜೊತೆ ಅಲ್ಲಿಗೇ ಹೋದೆ.

"ಅಣ್ಣ ಲಿಂಗದ ಜೊತೇಲೇ ಓಗವ್ನೆ. ಅವನಿಗೆ ಇನ್ ಈ ಜಾಗ ಬ್ಯಾಡ" ಎಂದರು, ನನ್ನ ಕಡೆ ನೋಡದೆ. "ಗುರುಸ್ವಾಮಿ, ನಾ ಸತ್ಮೇಲೆ ನನ್ನ ಇಲ್ಲೇ ಮಡಗ್ಲಾ."

"ಬುಡವ್ವ, ಏನ್ ಮಾತು ಅಂತ ಆಡೀಯೆ!" ಎಂದ ಅವನು.

ಮೈಸೂರಿಗೆ ನೇರ ಬಸ್ಸು ಹಿಡಿಯಬೇಕಿತ್ತು. ಪಿಕಪ್ಪು ರಸ್ತೆಗೆ ತಿರುಗುವಾಗ ಹಿಂದಕ್ಕೆ ನೋಡಿದೆ. ಮಳೆ ನಿಂತಿತ್ತು. ಆ ಹುಲ್ಲಿನ ಮೇಲೆ, ತಂದೆ ತಾಯಿಯ ಪಕ್ಕದಲ್ಲಿ, ಪುಟ್ಟಮ್ಮಣ್ಣಿ ಚಕ್ಕಳಮಕ್ಕಳ ಹಾಕಿ, ಎಡಗೈ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಜಾಗ ಸಾಕಾಗುತ್ತದೆಯೇ ಎಂದು ನೋಡುವವರ ಹಾಗೆ ಕೂತಿದ್ದರು.