ಬಾಡ್ತಾ ಇದೆ

“ರೀ, ದಾಸವಾಳ ಬಾಡ್ತಾ ಇದೆ, ಒಂದು ಚೊಂಬು ನೀರು ತನ್ನಿ!” ವಿಜಯವಾಡದ ಪಟಮಟದಲ್ಲಿರುವ ನಮ್ಮ ಮನೆಯ ತಾರಸಿಯಿಂದ ಯಜಮಾನರನ್ನು ಕೂಗಿದೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಮೂರ್ತಿಗಾರು ಥಟ್ಟನೆ ತಿರುಗಿದರು.

“ಬಾಡ್ತಾ ಅಂಟೆ ಏಮಿಟಂಡಿ?” ಎಂದು ತೆಲುಗಿನಲ್ಲಿ ಆ ಮಾತಿನ ಅರ್ಥ ಕೇಳಿದರು.

ಬಿಸಿಲಿಗೆ ಜೋತುಬಿದ್ದ ಎಲೆಗಳನ್ನು ತೋರಿಸಿದೆ. ಅವರು ಒದ್ದೆ ಟವೆಲ್ ಹಿಡಿದುಕೊಂಡೇ ಅಲ್ಲೇ ಕುಳಿತುಬಿಟ್ಟರು.

ಹೋದ ತಿಂಗಳು ತೀರಿಕೊಂಡ ಅವರ ತಾಯಿ ಬಳ್ಳಾರಿ ಕಡೆಯವರು. ಮಗನಿಗೆ ಬರುವುದು ತೆಲುಗು ಮಾತ್ರ. ಕೊನೆಗಾಲದಲ್ಲಿ ಆಕೆ ತೆಲುಗನ್ನೆಲ್ಲ ಮರೆತು, ಕಿಟಕಿಯ ಕಡೆ ಕೈ ತೋರಿಸುತ್ತ ಇದೇ ಮಾತು ಹೇಳುತ್ತಿದ್ದರಂತೆ. ಮಗನ ಕಿವಿಗೆ ಅದು ‘ಬಾಧ’ ಎಂದು ಕೇಳಿಸಿತ್ತು. ತೆಲುಗಿನಲ್ಲಿ ಬಾಧ ಎಂದರೆ ನೋವು. ಪ್ರತಿ ಸಲವೂ ಗಾಬರಿಯಾಗಿ ನೋವಿನ ಮಾತ್ರೆ ನುಂಗಿಸಿದ್ದರು. ಕಿಟಕಿಯಾಚೆ ಇದ್ದದ್ದು ಆಕೆಯೇ ನೆಟ್ಟಿದ್ದ ದಾಸವಾಳದ ಕುಂಡ.

ಒಂದು ಚೊಂಬು ನೀರು ಸಾಕಿತ್ತಲ್ಲ ಅಮ್ಮನಿಗೆ, ಎಂದು ತೆಲುಗಿನಲ್ಲೇ ಮೆಲ್ಲಗೆ ಅಂದುಕೊಂಡರು.

ಮರುದಿನ ಬೆಳಿಗ್ಗೆ ನೋಡಿದರೆ ಆ ಕುಂಡಕ್ಕೆ ನೀರು ಹಾಕುತ್ತಿದ್ದರು. ಬಾಡಿದ ಗಿಡವಾದರೆ ನೀರಿಗೆ ಎದ್ದೀತು, ಅದು ಒಣಗಿಹೋಗಿತ್ತು. ‘ಒಣಗಿದೆ’ ಅನ್ನುವ ಪದ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.