ರಾಗಿ ವಾಡೆಯಲ್ಲಿಟ್ಟ ಮಿಷನ್ನು

ಹಂಗಳದ ಮಲ್ಲಾಜಮ್ಮನಿಗೆ ಒಂದು ಹುಚ್ಚು. ಬೇರೆಯವರ ವಸ್ತು ಕೈಗೆ ಬಂತೆಂದರೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಪಕ್ಕದ ಮನೆಯಿಂದ ತಂದ ಮೊರವನ್ನೂ ಒರೆಸಿಯೇ ವಾಪಸು ಕೊಡುವವಳು. ಕುದೇರಿನಿಂದ ಮದುವೆಯಾಗಿ ಬಂದಾಗಿನಿಂದ ಕೂಲಿಯಲ್ಲೇ ಬದುಕು ಸವೆಸಿದಳು. ಈಗಲೂ ಚೆಂಡುಹೂವು ಬಿಡಿಸಲು ಹೋಗುತ್ತಾಳೆ. ಗಂಡ ದೊಡ್ಡಮಾದಯ್ಯ ಲಕ್ವ ಹೊಡೆದು ಮಂಚ ಹಿಡಿದಿದ್ದ. ತಲೆಯ ಮೇಲಿನ ಸೂರು ಸಿಮೆಂಟ್ ಶೀಟಿನದು, ಬೇಸಿಗೆ ಬಂದರೆ ಅದು ಕಾದ ಹೆಂಚೇ ಸರಿ.

ಹೋದ ವರ್ಷ ಚಾಮರಾಜನಗರದಿಂದ ಭಾನು ಎಂಬ ಹುಡುಗಿ ಸರ್ವೆಗೆ ಬಂದಳು. ಬಿಸಿಲೇರಿದರೆ ಕೂಲಿಯವರ ದುಡಿಮೆ ಎಷ್ಟು ಕೆಡುತ್ತದೆ, ಮನೆ ಎಷ್ಟು ಕಾಯುತ್ತದೆ ಎಂದು ಯಾವುದೋ ಸಂಸ್ಥೆಯವರು ಸಂಶೋಧನೆ ಮಾಡುತ್ತಿದ್ದರಂತೆ. ಬೆಂಕಿಪೊಟ್ಟಣದಷ್ಟಿದ್ದ ಮಿಷನ್ನೊಂದನ್ನು ಅವಳು ಮಂಚದ ಪಕ್ಕದ ಮೊಳೆಗೆ ನೇತುಹಾಕಿದಳು.

"ಅಜ್ಜಿ, ಮನೆ ಎಷ್ಟು ಬಿಸಿ ಅಂತ ಇದು ತಾನೇ ಬರ್ಕೊಳ್ಳುತ್ತೆ. ಜಾಸ್ತಿ ಕಾಯೋ ಮನೆಗಳ ಶೀಟಿಗೆ ಮುಂದಿನ ಬೇಸಿಗೆ ಹೊತ್ತಿಗೆ ಬಿಳಿ ಬಣ್ಣ ಹೊಡೆಸ್ತಾರೆ. ಒಳಗೆ ತಂಪಾಗುತ್ತೆ."

"ಅದೊಂದ ಮಾಡ್ಸ್‌ಬುಡು ಕಣವ್ವ. ಈ ಮನ್ಸ ಬೇಯ್ತಾ ಬಿದ್ದವ್ನೆ."

ಭಾನು ಅತ್ತ ಹೋದದ್ದೇ ತಡ, ಮಲ್ಲಾಜಮ್ಮನಿಗೆ ದಿಗಿಲು ಹತ್ತಿತು. ಕಾಡಿನ ಕೋತಿಗಳು ಶೀಟಿನ ಸಂದಿಯಿಂದ ನುಗ್ಗಿ ಬಾಳೆಹಣ್ಣನ್ನೇ ಬಿಡವು, ಇದನ್ನು ಬಿಟ್ಟಾವೇ? ಮನುಷ್ಯರೇ ಬೇಯುವ ಜಾಗದಲ್ಲಿ ಇಂಥ ನಾಜೂಕಿನ ವಸ್ತು ಉಳಿದೀತೇ? ಕೆಟ್ಟರೆ ಪಾಪ, ಆ ಹುಡುಗಿಯ ಕೆಲಸಕ್ಕೆ ಕುತ್ತು. ತಾನೇ ಬರೆದುಕೊಳ್ಳುತ್ತದೆ ಎಂದಮೇಲೆ ಮನೆಯೊಳಗೆ ಎಲ್ಲಿದ್ದರೇನು? ಒಗೆದ ಬಟ್ಟೆಯಲ್ಲಿ ಸುತ್ತಿ, ಮೂಲೆಯಲ್ಲಿದ್ದ, ಕಾಳು ತುಂಬಿಡುವ ಮಣ್ಣಿನ ವಾಡೆಯ ತಣ್ಣನೆ ರಾಗಿಯಲ್ಲಿ ಹುದುಗಿಸಿದಳು. ಮಿಷನ್ನಿನ ಲೆಕ್ಕ ತೆಗೆದುಕೊಳ್ಳಲು ಭಾನು ಬರುವ ದಿನ ಮಾತ್ರ ತೆಗೆದು ಮೊಳೆಗೆ ಹಾಕುವಳು. ಅಯ್ಯೋ, ಹಾಗೆ ಮಾಡಬೇಡ ಅನ್ನುವವರಾದರೂ ಯಾರಿದ್ದರು!

ಈ ಯುಗಾದಿಗೆ ಮುಂಚೆ ಬಣ್ಣದವರು ಬಂದರು. ಎದುರುಮನೆ ರಾಜಣ್ಣನ ಶೀಟು ಬೆಳ್ಳಗಾಯಿತು. ಇವಳ ಮನೆಯನ್ನು ದಾಟಿಕೊಂಡು ಹೋದರು.

"ನಿಂದು ಅರಮನ ಕಣ್ ಬುಡಕ್ಕ" ಎಂದು ರಾಜಣ್ಣ ನಕ್ಕ. ಇವಳೂ ನಕ್ಕಳು. ಯಾಕೆ ಎಂದು ಯಾರನ್ನೂ ಕೇಳಲಿಲ್ಲ. ಕೇಳಿ ಪಡೆದು ರೂಢಿಯಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೂವಿನ ಹೊಲದಿಂದ ಬಂದು ನೋಡಿದರೆ ದೊಡ್ಡಮಾದಯ್ಯನ ಉಸಿರು ನಿಂತಿತ್ತು. ಮೈ ಮಾತ್ರ ಇನ್ನೂ ಸುಡುತ್ತಿತ್ತು. ವಯಸ್ಸಾಗಿತ್ತು ಬಿಡು ಎಂದರು ಜನ. ಅವಳೂ ಹಾಗೇ ಅಂದುಕೊಂಡಳು. ಮಣ್ಣು ಮಾಡಿ ಬಂದರು. ತಿಥಿಯೂ ಆಯಿತು. ಅವಳು ಮತ್ತೆ ಹೂವಿಗೆ ಹೋದಳು.

ಮಿಷನ್ನು ವಾಪಸು ಒಯ್ಯಲು ಭಾನು ಬಂದಾಗ ಮೊಳೆ ಖಾಲಿಯಿತ್ತು. ಸಾವಿನ ಗಲಿಬಿಲಿಯಲ್ಲಿ ಮಲ್ಲಾಜಮ್ಮ ಅದನ್ನು ಮರೆತೇಬಿಟ್ಟಿದ್ದಳು. ವಾಡೆಗೆ ಕೈಹಾಕಿ ತೆಗೆದು, ಸೆರಗಿನಿಂದ ಒರೆಸಿ ಮುಂದೆ ಹಿಡಿದಳು.

"ತಗ ಕಣವ್ವ. ಒಂಚೂರೂ ಕೆಡದಂಗ ಮಡಗಿವ್ನಿ."

ಭಾನು ಮೊಳೆಯನ್ನೊಮ್ಮೆ, ವಾಡೆಯನ್ನೊಮ್ಮೆ ನೋಡಿದಳು. "ಅಜ್ಜಿ... ಇಷ್ಟು ದಿನಾನೂ ಇದು ವಾಡೇಲೇ ಇತ್ತಾ?"

"ಊಂ. ಬಿಸ್ಲಿಗ ಕೆಟ್ಟೋಯ್ತದ ಅಂತ."

ಭಾನು ಮಿಷನ್ನನ್ನು ತೆಗೆದುಕೊಂಡಳು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು: ಈ ಊರಲ್ಲೆಲ್ಲ ತಣ್ಣಗಿರುವ ಮನೆ ಮಲ್ಲಾಜಮ್ಮನದೇ ಎಂದು ಮಿಷನ್ನು ಬರೆದುಕೊಂಡಿತ್ತು. ಬಣ್ಣ ಬರದೇ ಹೋದದ್ದು ಅದಕ್ಕೇ.

ಮಲ್ಲಾಜಮ್ಮ ಖಾಲಿ ಮಂಚ ನೋಡಿದಳು. ಅಳು ಬರಬೇಕಿತ್ತು, ಬರಲಿಲ್ಲ. ಎದೆಯಲ್ಲಿ ಏನೂ ಅಲುಗಲಿಲ್ಲ. ವಾಡೆಯ ಮುಚ್ಚಳ ಮುಚ್ಚಿ, ಅಂಗೈಗಂಟಿದ ರಾಗಿ ಕೊಡವಿದಳು.

"ಅಂಗಾದ್ರ ಆ ಮನ್ಸನ್ನ ವಾಡೆ ಒಳಕ ಮಡಗಿ, ಇದ ಮೊಳೆಗ ನೇತಾಕ್ಬೇಕಿತ್ತು" ಎಂದಳು.