ಕಾಗದದ ಕಪ್ಪಿನ ಮಾತು

ಅಂಬಮ್ಮನ ಊರು ದೇವದುರ್ಗ ತಾಲೂಕಿನಲ್ಲಿದೆ. ಊರಿನ ಹೆಸರು ಇಲ್ಲಿ ಬೇಡ. ಹೆಸರು ಹೊರಬಿದ್ದೀತೆಂಬ ಭಯದಿಂದಲೇ ಆಕೆಗೆ ಎಂಟು ದಿನ ಅನ್ನ ಇಳಿದಿರಲಿಲ್ಲ. ವಯಸ್ಸು ಐವತ್ತರ ಮೇಲೆ. ಹತ್ತಿ ಬಿಡಿಸುವ ಹದಿನಾಲ್ಕು ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಸಾಹುಕಾರರ ಟ್ರ್ಯಾಕ್ಟರ್ ಕೇರಿಯ ಬಾಯಿಗೆ ಬಂದು ನಿಂತರೆ ಯಾರ ಸೊಂಟ ನೋಯುತ್ತಿದೆ, ಯಾರ ಕೂಸಿಗೆ ಜ್ವರ ಎಂಬುದೆಲ್ಲ ಆಕೆಗೇ ಗೊತ್ತು. ಸಾಹುಕಾರರ ಮೇಸ್ತ್ರಿ ಯಮನೂರಪ್ಪನಿಗೆ ಎದುರು ಮಾತಾಡುವ ಗಂಟಲೂ ಆಕೆಗೊಬ್ಬಳಿಗೇ ಇತ್ತು.

ಒಂದು ಮಧ್ಯಾಹ್ನ ರಾಯಚೂರಿನಿಂದ ಸಂಘಮಿತ್ರಾ ಎಂಬ ಹುಡುಗಿ ಕೇರಿಗೆ ಬಂದಳು. ಬಡವರ ಯೋಜನೆಗಳು ಯಾರಿಗೆ ಮುಟ್ಟುತ್ತವೆ, ಊರು ಯಾರನ್ನು ದೂರ ಇಡುತ್ತದೆ ಎಂದು ಮನೆಮನೆಗೆ ಹೋಗಿ ಕೇಳುವ ಸಂಶೋಧನೆ ಆಕೆಯದು. ಕೇರಿಗೆ ಸರ್ವೇದವರು ಹೊಸಬರೇನಲ್ಲ. ಬರುತ್ತಾರೆ, ತಾವು ತಂದ ಬಾಟಲಿಯ ನೀರನ್ನು ತಾವೇ ಕುಡಿಯುತ್ತಾರೆ, ಹೋಗುತ್ತಾರೆ. ಅಂಥವರಿಗೆ ಕೇರಿಯ ಉತ್ತರವೂ ತಯಾರಾಗಿಯೇ ಇರುತ್ತದೆ: "ಎಲ್ಲಾ ಚಲೋ ಅದರೀ, ಏನೂ ಭೇದ ಇಲ್ಲರೀ."

ಈ ಹುಡುಗಿ ಮಾತ್ರ ಅಂಬಮ್ಮನ ಕೊಡದ ನೀರು ಕೇಳಿ ಕುಡಿದಳು. ಸಾಲದ್ದಕ್ಕೆ ಇನ್ನೊಂದು ತಂಬಿಗೆ ಕೇಳಿದಳು. ಮನೆಯ ನೀರು ಕುಡಿದವರಿಗೆ ಸುಳ್ಳು ಹೇಳಬಾರದು ಎಂಬುದು ಅಂಬಮ್ಮನ ಅವ್ವ ಕಲಿಸಿದ ಪಾಠ.

"ಊರ ಹೋಟೆಲಿನ್ಯಾಗ ಎಲ್ಲರಿಗೂ ಒಂದೇ ನಮೂನಿ ಚಾ ಕೊಡ್ತಾರೇನ್ರೀ?" ಎಂದು ಹುಡುಗಿ ಕೇಳಿದಳು.

"ಚಾ ಒಂದೇ ಯವ್ವಾ. ಅವ್ರಿಗೆ ಗಾಜಿನ ಗ್ಲಾಸು, ನಮಗ ಕಾಗದದ ಕಪ್ಪು. ಕೇಳಿದ್ರ ಅದೇ ಸ್ವಚ್ಛ ಅಂತಾರ. ಸ್ವಚ್ಛ ಆದ್ರ ಅವ್ರೂ ಅದ್ರಾಗೇ ಕುಡೀಬೇಕಲ್ಲ?"

ಹುಡುಗಿ ಬರೆದುಕೊಂಡಳು. ಆಫೀಸಿನ ವಿಳಾಸದ ಚೀಟಿಯೊಂದನ್ನು ಕೊಟ್ಟು ಹೋದಳು. ಇಷ್ಟು ದಿನ ನುಂಗಿದ್ದನ್ನು ಆಡಿಬಿಟ್ಟೆ ಎಂದು ಅಂಬಮ್ಮನಿಗೆ ಆ ಸಂಜೆ ಎದೆ ಹಗುರಾಗಿತ್ತು.

ಹಗುರಾದ ಎದೆ ನಾಲ್ಕೇ ದಿನಕ್ಕೆ ಕಲ್ಲಿನಷ್ಟು ಭಾರವಾಯಿತು. ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದ ಹೊತ್ತು, ಯಮನೂರಪ್ಪ ಬೀಡಿ ಹಚ್ಚುತ್ತ ಅಂದ: "ಸರ್ವೇದಾಕಿ ಹೋಟೆಲಿನ ಮಾತು ಕೇಳ್ಯಾಳಂತ. ಯಾರರ ಬಾಯಿ ಬಿಟ್ಟಿದ್ದು ಗೊತ್ತಾತಂದ್ರ, ಆ ಗುಂಪೇ ಬ್ಯಾಡ ಅಂದಾರ ಸಾಹುಕಾರ್ರು."

ಅಂಬಮ್ಮನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ತಾನೊಬ್ಬಳು ಆಡಿದ ಮಾತಿಗೆ ಹದಿನಾಲ್ಕು ಒಲೆ ಆರುತ್ತವೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಕೆಯದೂ ಅದೇ ಗತಿ. ಹೋಟೆಲಿನವನು ನಕ್ಕರೆ ಗೊತ್ತಾಗಿದೆ ಎನ್ನಿಸಿತು, ನಗದಿದ್ದರೆ ಖಂಡಿತ ಗೊತ್ತಾಗಿದೆ ಎನ್ನಿಸಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ಬರುವುದೇ ನಿಂತಿತು. ಒಂದು ದಿನ ಬರಲಿಲ್ಲ, ಎರಡನೇ ದಿನವೂ ಬರಲಿಲ್ಲ. ಹೆಂಗಸರು ಬುತ್ತಿ ಹಿಡಿದು ಕಾದು, ಆಕೆಯ ಮುಖ ನೋಡಿ ಮನೆಗೆ ಹೋದರು.

ಮೂರನೇ ದಿನ ಅಂಬಮ್ಮ ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಕಣ್ಣು ತೋರಿಸಲು ರಾಯಚೂರು ದವಾಖಾನೆಗೆ ಎಂದು ಸಾರಿ ಹೊರಟಳು. ಕೋಳಿ ನೋಡಿಕೋ ಎನ್ನಲು ಪಕ್ಕದ ಮನೆಯ ವೆಂಕಮ್ಮನನ್ನು ಕರೆದರೆ, ಆಕೆ ಮೊದಲ ಬಸ್ಸಿಗೇ ಮಾನ್ವಿಗೆ ಮಗಳ ಮನೆಗೆ ಹೋಗಿದ್ದಳಂತೆ. ಗುಂಪಿನಲ್ಲಿ ಅಂಬಮ್ಮನ ಬಲಗೈ ಈ ವೆಂಕಮ್ಮ. ಬಸ್ಸಿನಲ್ಲಿ ಹಿಂದೆ ಕೂತವನು ಫೋನಿನಲ್ಲಿ ಮಾತಾಡಿದಾಗಲೆಲ್ಲ ಅಂಬಮ್ಮ ಸೆರಗು ಮುಖದ ಮೇಲೆ ಎಳೆದುಕೊಂಡಳು. ಬರೆದದ್ದನ್ನು ಅಳಿಸಬೇಕು, ಅಷ್ಟೇ. ಹುಡುಗಿ ಒಪ್ಪದಿದ್ದರೆ ಕಾಲು ಹಿಡಿಯುವುದೆಂದು ನಿಶ್ಚಯಿಸಿದ್ದಳು.

ಆಫೀಸು ಮಹಡಿಯ ಮೇಲೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದಳು. ತಲೆ ಎತ್ತಿದರೆ ವೆಂಕಮ್ಮ!

"ಮಾನ್ವಿ ಇಲ್ಲಿಗೇ ಬಂತೇನಬೇ?" ಎಂದಳು ಅಂಬಮ್ಮ.

"ಇಲ್ಲೇನು ಕಣ್ಣು ನೋಡ್ತಾರ?" ಎಂದಳು ವೆಂಕಮ್ಮ.

ಅಂಬಮ್ಮ ಆಕೆಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ವೆಂಕಮ್ಮನೇ ಮೊದಲು ಪಿಸುಗುಟ್ಟಿದಳು: "ಆ ಹುಡುಗಿ ನಮ್ಮನಿ ನೀರು ಕುಡೀತು, ಅಂಬಮ್ಮ. ಅಂದುಬಿಟ್ಟೆ. ನಾ ಒಬ್ಬಾಕೀನೇ ಅಂದೀನಿ, ಗುಂಪು ನನ್ನಿಂದ ಕೆಡ್ತದ ಅಂತ ಜೀವ ಹೋಗಾಕತ್ತದ."

ಒಂದೇ ಗೋಡೆಯ ಆಚೆ ಈಚೆ ಮಲಗಿ, ಇಬ್ಬರೂ ಒಂದೇ ಭಯವನ್ನು ಒಬ್ಬರಿಗೊಬ್ಬರು ಬಚ್ಚಿಟ್ಟಿದ್ದರು. ಅಂಬಮ್ಮನಿಗೆ ಅಳುವೇ ಬಂತು.

ಸಂಘಮಿತ್ರಾ ಒಳಗೆ ಕರೆದು ಹಾಳೆ ತೋರಿಸಿದಳು. ಹೆಸರಿರಲಿಲ್ಲ, ಬರೀ ನಂಬರು. "ಅಳಿಸಂದ್ರ ಈಗಿಂದೀಗ ಅಳಿಸ್ತೀನ್ರೀ. ಅದು ನಿಮ್ಮ ಮಾತು, ನಿಮ್ಮ ಹಕ್ಕು."

"ನಮ್ಮ ಕೇರ್ಯಾಗ ಎಷ್ಟು ಮಂದಿ ಹಿಂಗ ಅಂದಾರ?"

"ಅದನ್ನ ಹೇಳೂ ಹಂಗಿಲ್ಲ, ಯವ್ವಾ. ನಿಮ್ಮ ಮಾತನ್ನೂ ಯಾರಿಗೂ ಹೇಳೂದಿಲ್ಲ."

ವೆಂಕಮ್ಮ ಅಂಬಮ್ಮನ ಮುಖ ನೋಡಿದಳು. ಒಬ್ಬಳು ಅಳಿಸಿದರೆ ಇನ್ನೊಬ್ಬಳು ಮತ್ತೆ ಒಂಟಿ. ಅಂಬಮ್ಮ ಹಾಳೆಯನ್ನು ಹುಡುಗಿಯ ಕಡೆಗೇ ಸರಿಸಿದಳು. "ಇರ್ಲಿ ಬಿಡು," ಎಂದಳು. ಹಾಗೆಂದ ಮೇಲೆ ಭಯ ಇನ್ನೂ ಹೆಚ್ಚಾಯಿತು.

ಮರುದಿನ ಟ್ರ್ಯಾಕ್ಟರ್ ಬಂತು. ಟೈರು ಒಡೆದಿತ್ತು, ರಾಯಚೂರಿನಿಂದ ಹೊಸದು ತರಿಸಲು ಮೂರು ದಿನ ಹಿಡಿಯಿತು ಎಂದ ಯಮನೂರಪ್ಪ. ಒಂದು ಟೈರಿಗಾಗಿ ಎಷ್ಟು ಜೀವ ತೇಯ್ದೆವಲ್ಲ ಎಂದು ಅಂಬಮ್ಮನಿಗೆ ನಗಬೇಕೆನ್ನಿಸಿತು, ನಗು ಬರಲಿಲ್ಲ. ಮೇಸ್ತ್ರಿ ಟ್ರ್ಯಾಕ್ಟರಿನ ಮೇಲೆ ಡ್ರೈವರನ ಪಕ್ಕ ಕೂತು, ಆಗಾಗ ಹಿಂದಿರುಗಿ ನೋಡುತ್ತಿದ್ದ.

ಟ್ರೇಲರಿನ ಮೂಲೆಯಲ್ಲಿ ಹುಲಿಗೆಮ್ಮ ಸೊರಗಿ ಕೂತಿದ್ದಳು. ಇಡೀ ಗುಂಪಿನಲ್ಲೇ ಬಾಯಿಲ್ಲದವಳು, ಎರಡು ಕೂಸುಗಳ ತಾಯಿ.

"ಅಂಬಕ್ಕ, ನಾಳಿ ನಾ ಬರೂದಿಲ್ಲ," ಎಂದಳು ತಲೆ ತಗ್ಗಿಸಿ. "ರಾಯಚೂರಿಗೆ ಹೋಗಬೇಕು. ಹಲ್ಲು ತೋರಿಸಾಕ."

ಅಂಬಮ್ಮ ಆಕೆಯ ಕೈ ಹಿಡಿದಳು. ಕೈ ತಣ್ಣಗಿತ್ತು, ಕುಪ್ಪಸದ ಅಂಚಿನಲ್ಲಿ ಅದೇ ಚೀಟಿಯ ತುದಿ ಕಾಣುತ್ತಿತ್ತು. ಯಮನೂರಪ್ಪ ಇತ್ತ ತಿರುಗಿದ್ದ. ವೆಂಕಮ್ಮ ಸರಿದು ಬಂದು ಅವನ ಕಣ್ಣಿಗೆ ಅಡ್ಡವಾಗಿ ಕೂತಳು.

"ಹಲ್ಲಿಗೇನೂ ಆಗಿಲ್ಲ, ಹೋಗಬ್ಯಾಡ," ಎಂದಳು ಅಂಬಮ್ಮ ಮೆಲ್ಲಗೆ. "ನಾವಿಬ್ರೂ ನಿನ್ನೆ ತೋರಿಸಿಕೊಂಡು ಬಂದೀವಿ."